ಸೋಲಾರ್ ಮಾರಿ ಕಮಿಷನ್ ದುಡಿಯೋದು: ಹೊರಡೋಕೆ ಮುಂಚೆ

ಮನೆಮನೆಗೆ ಹೋಗಿ ತಾರಸಿ ಮೇಲೆ ಸೋಲಾರ್ ಹಾಕಿಸಿ, ಪ್ರತಿ ಆರ್ಡರಿಗೂ ಕಮಿಷನ್ ತಗೊಳ್ಳಿ ಅಂತ ಯಾರಾದ್ರೂ ಕರೆದಿದ್ದಾರಾ? ಒಪ್ಪೋಕೆ ಮುಂಚೆ ನಿಮ್ಮ ಬೀದಿಯವರ ಕರೆಂಟ್ ಬಿಲ್ ವಿಚಾರಿಸಿ.

ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ. 200 ಯೂನಿಟ್ ಒಳಗೆ, ತಮಗೆ ನಿಗದಿಯಾದ ಮಿತಿಯಲ್ಲೇ ಬಳಸೋ ಮನೆಗೆ ಬಿಲ್ ಸೊನ್ನೆ. ಅವರು ಅಷ್ಟು ದುಡ್ಡು ಸುರಿದು ಸೋಲಾರ್ ಯಾಕೆ ಹಾಕಿಸ್ತಾರೆ? ನಿಮ್ಮ ಗಿರಾಕಿ ಅಂದ್ರೆ 200 ದಾಟೋ, ಸ್ವಂತ ತಾರಸಿ ಇರೋ ಮನೆ. ಊರಲ್ಲಿ ಅಂಥವು ಎಷ್ಟಿವೆ, ಮೊದಲು ಎಣಿಸಿ.

ಪಿಎಂ ಸೂರ್ಯ ಘರ್ ಸಬ್ಸಿಡಿ ಇದೆ, ನಿಜ. 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಾದ್ರೆ 78,000 ರೂಪಾಯಿ. ಆದರೆ ಅದು ಅಳವಡಿಕೆ, ಎಸ್ಕಾಂ ತಪಾಸಣೆ ಎಲ್ಲ ಮುಗಿದ ಮೇಲೆ ಗಿರಾಕಿಯ ಖಾತೆಗೆ ಬರುತ್ತೆ. ತಡವಾದ್ರೆ ಮೊದಲ ಫೋನ್ ನಿಮಗೇ. ಆ ಮನೆಯವರು ಸಹಿ ಹಾಕಿದ್ದು ನಿಮ್ಮ ಮುಖ ನೋಡಿ. ನನ್ನ ಪ್ರಕಾರ ಈ ಕೆಲಸದಲ್ಲಿ ಅತಿ ಭಾರವಾದ ಹೊರೆ ಆ ನಂಬಿಕೆಯೇ.

ಕಮಿಷನ್ ಯಾವಾಗ ಕೈಗೆ ಬರುತ್ತೆ? ಅಡ್ವಾನ್ಸ್ ಕಟ್ಟಿದಾಗಲಾ, ಮೀಟರ್ ಕೂತ ಮೇಲಾ? ಗಿರಾಕಿ ಹಿಂದೆ ಸರಿದ್ರೆ ವಾಪಸ್ ಕೊಡಬೇಕಾ? ಬರವಣಿಗೆಯಲ್ಲಿ ತಗೊಳ್ಳಿ. ಪೆಟ್ರೋಲು, ಫೋನು ನಿಮ್ಮದೇ ಖರ್ಚು. ಪಿಎಫ್ ಇರಲ್ಲ, ಇಎಸ್‌ಐ ಇರಲ್ಲ.

ಸೇರೋಕೇ ದುಡ್ಡು ಕೇಳಿದ್ರೆ, ಜನ ಸೇರಿಸಿದ್ರೆ ಕಮಿಷನ್ ಅಂದ್ರೆ, ಎದ್ದು ಬನ್ನಿ. ಪಿರಮಿಡ್ ಯೋಜನೆಗೆ 2021ರ ನೇರ ಮಾರಾಟ ನಿಯಮಗಳಲ್ಲೇ ನಿಷೇಧವಿದೆ. ಕಂಪನಿಯ ಹೆಸರು ಸೂರ್ಯ ಘರ್ ಪೋರ್ಟಲ್‌ನ ಮಾರಾಟಗಾರರ ಪಟ್ಟಿಯಲ್ಲಿ ಇದೆಯಾ ಅಂತ ಇವತ್ತೇ ನೋಡಿ.