ಆಯಿಯ ನಾಲ್ಕು ಲೀಟರ್ ಹಾಲು

‘ಅಳಿಯಾ, ನಿನ್ನ ಕಂಪ್ಯೂಟರ ಆಯಿ ಹಾಲ ಕುಡದ ಬಿಟ್ಟೈತಿ ನೋಡು!’

ಕಳೆದ ಸೆಮಿಸ್ಟರ್‌ನ ಒಂದು ಸಂಜೆ ಸೋದರಮಾವ ಫೋನ್ ಮಾಡಿ ಹೀಗೆಂದಾಗ ನಾನು ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್‌ಗೆ ಓದುತ್ತಿದ್ದೆ. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಮೂಡಲಗಿ ಹತ್ತಿರದ ಊರಲ್ಲಿ ಮಾವ ಹಾಲು ಸಂಗ್ರಹ ಕೇಂದ್ರ ನಡೆಸುತ್ತಾರೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು ರೈತರು ಹಾಲು ತಂದು ಹಾಕುತ್ತಾರೆ. ರೈತರ ಸಂಖ್ಯೆ, ಲೀಟರ್, ಫ್ಯಾಟ್ ಇಷ್ಟನ್ನು ಬರೆದಿಟ್ಟು ಹತ್ತು ದಿನಕ್ಕೊಮ್ಮೆ ಬಟವಾಡೆ. ಮೊದಲು ಇದೆಲ್ಲ ನೋಟ್‌ಬುಕ್‌ನಲ್ಲಿತ್ತು. ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದ ನಾನು ಜಾವಾದಲ್ಲಿ ಒಂದು ಸಾಫ್ಟ್‌ವೇರ್ ಬರೆದು ಅಲ್ಲಿಯ ಹಳೆಯ ಕಂಪ್ಯೂಟರ್‌ಗೆ ಹಾಕಿಕೊಟ್ಟಿದ್ದೆ. ಕಾಲೇಜಿನಲ್ಲಿ ಒಳ್ಳೆಯ ಮಾರ್ಕ್ಸ್ ಬಂತು, ಮಾವನೂ ಊರವರ ಮುಂದೆ ಹೊಗಳಿದರು. ಎರಡು ತಿಂಗಳು ಎಲ್ಲ ಸುಸೂತ್ರವಾಗಿತ್ತು, ಅಥವಾ ನಾವು ಹಾಗೆ ತಿಳಿದಿದ್ದೆವು.

ಆಯಿ ಎಂದರೆ ನಮ್ಮ ಓಣಿಯ ಹಿರಿಯಳು. ಒಂದೇ ಎಮ್ಮೆ. ಬಟವಾಡೆ ಚೀಟಿಯಲ್ಲಿ ತಾನು ಒಂದು ಮುಂಜಾನೆ ಹಾಕಿದ ನಾಲ್ಕು ಲೀಟರ್ ಇಲ್ಲ ಎಂದು ಪಟ್ಟು ಹಿಡಿದಿದ್ದಳು. ಓದು ಬರಹ ಬಾರದಿದ್ದರೂ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಲೆಕ್ಕ ಇಡುವವಳು. ಕಂಪ್ಯೂಟರ್ ಇಲ್ಲ ಅನ್ನುತ್ತದೆ, ಗೋಡೆ ಹೌದು ಅನ್ನುತ್ತದೆ. ಮಾವ ಕೈಯಿಂದ ದುಡ್ಡು ಕೊಟ್ಟು ಕಳಿಸಿದರು. ಆದರೆ ಅಲ್ಲಿದ್ದ ಯಾರೋ ‘ವಯಸ್ಸಾಗೈತಿ, ಮರತಿರಬೇಕು’ ಎಂದರಂತೆ. ಆಕೆ ದುಡ್ಡನ್ನು ಮೇಜಿನ ಮೇಲೆ ಇಟ್ಟು ಹೋಗಿಬಿಟ್ಟಳಂತೆ.

ಶನಿವಾರ ಊರಿಗೆ ಹೋದೆ. ಕೋಡ್ ತೆಗೆದು ಕೂತರೆ ನನ್ನ ಬಳಿ ಸಾಕ್ಷಿಯೇ ಇಲ್ಲ. ಏನೇನು ನಡೆಯಿತು ಎಂದು ತಿಳಿಯಲು ನಾನು ಮಾಡಿದ್ದು ಒಂದೇ: ಅಲ್ಲಲ್ಲಿ ‘ಸಿಸ್ಟಮ್ ಡಾಟ್ ಔಟ್ ಡಾಟ್ ಪ್ರಿಂಟ್‌ಎಲ್‌ಎನ್’. ಅದು ಬರೆಯುವುದು ಹಿಂದೆ ತೆರೆದುಕೊಳ್ಳುವ ಕರಿ ಕಿಟಕಿಯಲ್ಲಿ. ಕೇಂದ್ರ ಮುಚ್ಚುವಾಗ ಹುಡುಗ ಅದನ್ನೂ ಮುಚ್ಚುತ್ತಾನೆ, ಬರೆದದ್ದೆಲ್ಲ ಅಲ್ಲಿಗೆ ಮಾಯ. ಜೊತೆಗೆ ಒಂದು ಕಡೆ ಖಾಲಿ ಕ್ಯಾಚ್ ಬ್ಲಾಕ್ ಇತ್ತು. ತಪ್ಪು ಬಂದರೆ ಹಿಡಿ, ಹಿಡಿದು ಏನೂ ಮಾಡಬೇಡ ಎಂದು. ವೈವಾ ಹಿಂದಿನ ರಾತ್ರಿ ಪರದೆಯ ಮೇಲೆ ಕೆಂಪು ಅಕ್ಷರ ಕಾಣಬಾರದೆಂದು ಹಾಗೆ ಬರೆದಿದ್ದೆ. ನೀವೂ ಬರೆದಿರುತ್ತೀರಿ, ಸುಳ್ಳು ಹೇಳಬೇಡಿ.

ಆಗ ನೆನಪಾದದ್ದು ಗೆಳೆಯನ ಅಪ್ಪ. ಹುಕ್ಕೇರಿ ಕಡೆಯ ಸಬ್‌ಸ್ಟೇಷನ್‌ ಒಂದರಲ್ಲಿ ಅವರು ಆಪರೇಟರ್. (ಹುಕ್ಕೇರಿಗೂ ಕರೆಂಟಿಗೂ ಹಳೆಯ ನಂಟು. 1969ರಲ್ಲಿ ಶುರುವಾದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಐದು ಇಂಥ ಸಂಘಗಳಲ್ಲೊಂದು.) ಪಿಯುಸಿ ರಜೆಯಲ್ಲಿ ಹೋದಾಗ ಕಾಕಾ ತಮ್ಮ ಲಾಗ್‌ಬುಕ್ ತೋರಿಸಿದ್ದರು. ಗಂಟೆಗೊಮ್ಮೆ ವೋಲ್ಟೇಜ್, ಕರೆಂಟ್. ಲೈನ್ ಟ್ರಿಪ್ ಆದರೆ ಯಾವ ಫೀಡರ್, ಎಷ್ಟು ಗಂಟೆ ಎಷ್ಟು ನಿಮಿಷ, ಯಾವ ರಿಲೇ ತೋರಿಸಿತು, ಮತ್ತೆ ಯಾವಾಗ ಚಾರ್ಜ್ ಮಾಡಿದರು, ಕೊನೆಗೆ ಸಹಿ. ‘ರಾತ್ರಿ ಏನಾತು ಅಂತ ಮುಂಜಾನೆ ಬರಾವಂಗ ಗೊತ್ತಾಗಬೇಕಲ್ಲ ತಮ್ಮಾ’ ಎಂದಿದ್ದರು. ಆಗ ಅದು ಬೇಸರದ ಕೆಲಸ ಅನಿಸಿತ್ತು. ಈಗ ನನ್ನ ಸಾಫ್ಟ್‌ವೇರ್‌ಗೆ ಬೇಕಾಗಿದ್ದದ್ದು ಅದೇ ಪುಸ್ತಕ.

ಜಾವಾದಲ್ಲಿ ಈ ಪುಸ್ತಕ ಹೊಸದೇನಲ್ಲ. 1996ರ ಸುಮಾರಿಗೆ ಯುರೋಪಿನ ‘ಸೆಂಪರ್’ ಎಂಬ ಯೋಜನೆಗಾಗಿ ಬರೆದ ಲಾಗಿಂಗ್ ಕೋಡ್ ಬೆಳೆದು ಲಾಗ್‌ಫೋರ್‌ಜೆ ಆಯಿತು. ಅದರ ಹಿಂದಿದ್ದವರು ಜೆಕಿ ಗುಲ್ಜು. ಜಾವಾದ ಸ್ವಂತ ಲಾಗಿಂಗ್ ಬಂದದ್ದು 2002ರಲ್ಲಿ, 1.4ನೇ ಆವೃತ್ತಿಯ ಜೊತೆ. ಮುಂದೆ ಗುಲ್ಜು ಅವರೇ ಎಸ್‌ಎಲ್‌ಎಫ್‌ಫೋರ್‌ಜೆ ಮತ್ತು ಲಾಗ್‌ಬ್ಯಾಕ್ ಎಂಬ ಎರಡನ್ನು ಬರೆದರು. ಮೊದಲನೆಯದು ಬರೀ ಮುಖ: ನಿಮ್ಮ ಕೋಡ್ ಅದರ ಜೊತೆ ಮಾತಾಡುತ್ತದೆ. ಎರಡನೆಯದು ನಿಜವಾಗಿ ಬರೆಯುವ ಕೈ. ನಾಳೆ ಕೈ ಬದಲಿಸಿದರೂ ಕೋಡ್ ಮುಟ್ಟಬೇಕಿಲ್ಲ. ನಾನು ಇವೆರಡನ್ನು ಹಾಕಿಕೊಂಡೆ.

ಹಾಕಿದ ಮೊದಲ ವಾರವೇ ಇನ್ನೊಂದು ಪೆಟ್ಟು ತಿಂದೆ. ಲಾಗ್‌ಬ್ಯಾಕ್‌ಗೆ ನಾವು ಸೆಟ್ಟಿಂಗ್ ಫೈಲ್ ಕೊಡದಿದ್ದರೆ ಅದು ಡೀಬಗ್ ಮಟ್ಟದಿಂದ ಮೇಲಿನದನ್ನೆಲ್ಲ ಕನ್ಸೋಲ್‌ಗೆ, ಅಂದರೆ ಅದೇ ಕರಿ ಕಿಟಕಿಗೆ ಬರೆಯುತ್ತದೆ. ಸರಿ ಎಂದು ಫೈಲ್‌ಗೆ ತಿರುಗಿಸಿದೆ, ಆದರೆ ಮಟ್ಟ ಬದಲಿಸಲಿಲ್ಲ. ಡೇಟಾಬೇಸ್‌ನ ಒಂದೊಂದು ಉಸಿರೂ ಅದರಲ್ಲಿ ಬಂದು, ಫೈಲ್ ಎಷ್ಟು ಉಬ್ಬಿತೆಂದರೆ ಆ ಕಂಪ್ಯೂಟರ್‌ನ ನೋಟ್‌ಪ್ಯಾಡ್ ಅದನ್ನು ತೆರೆಯಲಾಗದೆ ನಿಂತೇಬಿಟ್ಟಿತು. ಏನೂ ಬರೆಯದಿರುವುದಕ್ಕೂ ಎಲ್ಲವನ್ನೂ ಬರೆಯುವುದಕ್ಕೂ ಹುಡುಕುವವನಿಗೆ ದೊಡ್ಡ ವ್ಯತ್ಯಾಸವಿಲ್ಲ.

ಟ್ರೇಸ್, ಡೀಬಗ್, ಇನ್ಫೋ, ವಾರ್ನ್, ಎರರ್ ಎಂಬ ಐದು ಮಟ್ಟಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಘಟಪ್ರಭೆಯನ್ನು ನೆನೆದಾಗ. ಹಿಡಕಲ್ ಅಣೆಕಟ್ಟೆಯಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು ದಿನವೂ ದಾಖಲಾಗುತ್ತವೆ. ಬೇಸಿಗೆಯಲ್ಲಿ ಆ ಅಂಕಿಗಳನ್ನು ಯಾರೂ ಕೇಳುವುದಿಲ್ಲ, ಆದರೂ ಬರೆಯುತ್ತಾರೆ; ಅದು ಇನ್ಫೋ. ಮಳೆಗಾಲದಲ್ಲಿ ಹೊರಹರಿವು ಏರಿದಾಗ ನದಿ ದಂಡೆಯವರಿಗೆ ಡಂಗುರ ಹೊಡೆಸಿದರೆ ಅದು ವಾರ್ನ್. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿತಲ್ಲ, ಅದು ಎರರ್. ಪ್ರತಿ ಮಳೆಗೂ ಡಂಗುರ ಹೊಡೆದರೆ ನಿಜವಾದ ಪ್ರವಾಹದ ದಿನ ಯಾರೂ ಕಿವಿಗೊಡುವುದಿಲ್ಲ.

ಹೀಗೆ ಮತ್ತೆ ಜೋಡಿಸಿದೆ. ನನ್ನ ಕೋಡ್‌ಗೆ ಇನ್ಫೋ, ಹೊರಗಿನ ಲೈಬ್ರರಿಗಳಿಗೆ ವಾರ್ನ್. ದಿನಕ್ಕೊಂದು ಹೊಸ ಫೈಲ್, ತಾರೀಖಿನ ಹೆಸರಲ್ಲಿ. ಅರವತ್ತು ದಿನ ಕಳೆದದ್ದು ತಾನೇ ಅಳಿಯಬೇಕು, ಒಟ್ಟು ಗಾತ್ರಕ್ಕೂ ಮಿತಿ. ಪ್ರತಿ ಸಾಲಿನಲ್ಲಿ ಸಮಯ, ಮಟ್ಟ, ಯಾವ ಕ್ಲಾಸ್, ಬೆಳಗಿನ ಪಾಳಿಯೋ ಸಂಜೆಯದೋ, ರೈತರ ಸಂಖ್ಯೆ. ಪಾಳಿ ಮತ್ತು ರೈತರ ಸಂಖ್ಯೆಯನ್ನು ಪ್ರತಿ ಸಾಲಿಗೂ ಕೈಯಾರೆ ಸೇರಿಸಬೇಕಿಲ್ಲ. ಎಂಡಿಸಿ ಎಂಬ ಸೌಲಭ್ಯದಲ್ಲಿ ಒಮ್ಮೆ ಇಟ್ಟರೆ ಆ ನೋಂದಣಿ ಮುಗಿಯುವವರೆಗೆ ಎಲ್ಲ ಸಾಲಿಗೂ ತಾನೇ ಅಂಟಿಕೊಳ್ಳುತ್ತದೆ. ಮುಗಿದ ಮೇಲೆ ತೆಗೆಯಲು ಮರೆಯಬಾರದು, ಮರೆತರೆ ಒಬ್ಬರ ಸಂಖ್ಯೆ ಇನ್ನೊಬ್ಬರ ಸಾಲಿಗೆ ಬರುತ್ತದೆ. ಖಾಲಿ ಕ್ಯಾಚ್‌ನಲ್ಲಿ ಈಗ ಎರರ್ ಸಾಲು, ಕೊನೆಯ ಆರ್ಗ್ಯುಮೆಂಟ್ ಆಗಿ ಇಡೀ ಎಕ್ಸೆಪ್ಶನ್. ಬರೀ ‘ಗೆಟ್‌ಮೆಸೇಜ್’ ಕೊಟ್ಟರೆ ಯಾವ ಸಾಲಿನಲ್ಲಿ ಬಿದ್ದಿತೆಂಬುದೇ ಸಿಗುವುದಿಲ್ಲ. ಬ್ಯಾಂಕ್ ಖಾತೆ ಸಂಖ್ಯೆಯನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ; ಲಾಗ್ ಫೈಲ್ ಯಾರು ಬೇಕಾದರೂ ತೆರೆಯಬಹುದಾದ ಫೋಲ್ಡರ್‌ನಲ್ಲಿದೆ.

ಮೂರನೆಯ ದಿನ ಸಿಕ್ಕಿತು. ‘07:14:32 ಎರರ್, ಬೆಳಗಿನ ಪಾಳಿ, ರೈತ ಸಂಖ್ಯೆ 43, ಫ್ಯಾಟ್ ‘6,8’ ಓದಲಾಗಲಿಲ್ಲ.’

ಚುಕ್ಕಿ ಇರಬೇಕಾದಲ್ಲಿ ಅಲ್ಪವಿರಾಮ! ಕೀಬೋರ್ಡ್‌ನಲ್ಲಿ ಎರಡೂ ಅಕ್ಕಪಕ್ಕ. ವ್ಯಾನ್ ಬರುವ ಹೊತ್ತಿನ ಗದ್ದಲದಲ್ಲಿ ಹುಡುಗನ ಬೆರಳು ಒಂದು ಕೀ ಆಚೆ ಬೀಳುತ್ತಿತ್ತು. ಜಾವಾ ಅದನ್ನು ಸಂಖ್ಯೆ ಎಂದು ಒಪ್ಪದೆ ತಪ್ಪು ಎಸೆಯುತ್ತಿತ್ತು, ನನ್ನ ಖಾಲಿ ಕ್ಯಾಚ್ ಅದನ್ನು ನುಂಗುತ್ತಿತ್ತು, ಮುಂದಿನ ಸಾಲು ಪರದೆ ಖಾಲಿ ಮಾಡುತ್ತಿತ್ತು. ಹುಡುಗ ಸೇವ್ ಆಯಿತು ಎಂದುಕೊಂಡು ಮುಂದಿನವರನ್ನು ಕರೆಯುತ್ತಿದ್ದ. ಆಯಿ ಬರುವುದು ಸರಿಯಾಗಿ ವ್ಯಾನ್ ಬರುವ ಹೊತ್ತಿಗೇ. ಆ ವಾರ ಇಂಥ ಏಳು ಸಾಲು ಸಿಕ್ಕವು. ಆಯಿಯವು ಎರಡು, ಉಳಿದ ಐದು ಬೇರೆಯವರವು. ಅವರು ಯಾರೂ ಜಗಳಕ್ಕೆ ಬಂದಿರಲಿಲ್ಲ. ಈಗ ಅಲ್ಪವಿರಾಮ ಬಿದ್ದರೆ ಪರದೆಯ ಮೇಲೆ ದೊಡ್ಡದಾಗಿ ಸಂದೇಶ ಬರುತ್ತದೆ, ಹಾಲು ನೋಂದಣಿಯಾಗದೆ ಮುಂದೆ ಹೋಗಲು ಬಿಡುವುದಿಲ್ಲ. ಲಾಗ್‌ನಲ್ಲಿ ಅದೇ ಸಾಲು ಎರರ್‌ನಿಂದ ವಾರ್ನ್‌ಗೆ ಇಳಿದಿದೆ.

ಲಾಗಿಂಗ್ ಬರೀ ಸಾಧು ಪ್ರಾಣಿಯೂ ಅಲ್ಲ. 2021ರ ಡಿಸೆಂಬರ್‌ನಲ್ಲಿ ಜಗತ್ತನ್ನೇ ನಿದ್ದೆಗೆಡಿಸಿದ ‘ಲಾಗ್‌ಫೋರ್‌ಶೆಲ್’ ದೋಷ ಇದ್ದದ್ದು ಲಾಗ್‌ಫೋರ್‌ಜೆಯ ಎರಡನೇ ತಲೆಮಾರಿನಲ್ಲಿ. ಬರೆಯಲು ಕೊಟ್ಟ ಸಾಲಿನಲ್ಲಿ ಒಂದು ವಿಶೇಷ ಗುರುತು ಕಂಡರೆ ಅದು ಬರೀ ಬರೆಯದೆ, ಅಲ್ಲಿ ಹೇಳಿದ ಸರ್ವರ್‌ಗೆ ಹೋಗಿ ಕೇಳುತ್ತಿತ್ತು. ಅಲ್ಲಿಂದ ಬಂದ ಕೋಡ್ ನಿಮ್ಮ ಯಂತ್ರದಲ್ಲೇ ಓಡಬಹುದಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು. 2.15ನೇ ಆವೃತ್ತಿಯಲ್ಲಿ ಸರಿಪಡಿಸಿದರು, ಅದೂ ಸಾಲದೆ ಕೆಲವೇ ವಾರಗಳಲ್ಲಿ 2.16, 2.17 ಬಂದವು. ಅದನ್ನು ತಿದ್ದಲು ಕೂತವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಹೊರಗಿನವರು ಟೈಪ್ ಮಾಡಿದ್ದನ್ನು ಲಾಗ್‌ಗೆ ಬರೆಯುವಾಗ ಈಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಕೆಲಸ ಹುಡುಕುತ್ತಿರುವ ಸೀನಿಯರ್‌ಗಳಿಗೆ ಒಂದು ಮಾತು. ನಮ್ಮ ದೇಶದಲ್ಲಿ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಅಂದರೆ ಈ ಬೇಸರದ ಕೆಲಸವನ್ನು ಯಾರಾದರೂ ಮಾಡಲೇಬೇಕು. ಸಿಲೆಬಸ್‌ನಲ್ಲಿ ಇದಕ್ಕೆ ನನಗೆ ಸಿಕ್ಕಿದ್ದು ಅರ್ಧ ತಾಸಿನ ಪಾಠ.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಲಾಗ್ ಇಲ್ಲದ ಆ ಎರಡು ತಿಂಗಳು. ಮಾವನೂ ನಾನೂ ಕೂತು ವ್ಯಾನ್‌ನವರು ಕೊಟ್ಟ ರಸೀದಿಗಳನ್ನು ಕಂಪ್ಯೂಟರ್‌ನ ಮೊತ್ತದ ಜೊತೆ ತಾಳೆ ಹಾಕಿದೆವು. ಕಳಿಸಿದ ಹಾಲು ದಾಖಲಾದದ್ದಕ್ಕಿಂತ 61 ಲೀಟರ್ ಹೆಚ್ಚಿತ್ತು. ಅಳತೆಯ ಹೆಚ್ಚುಕಡಿಮೆ ಇರಬೇಕೆಂದು ಮಾವ ಅದನ್ನು ಬಿಟ್ಟಿದ್ದರಂತೆ. ಅದರಲ್ಲಿ ಆಯಿಯ ನಾಲ್ಕು ಲೀಟರ್ ಗೊತ್ತು. ಮಿಕ್ಕ 57 ಲೀಟರ್ ಯಾರದೆಂದು ಹೇಳಲು ಒಂದು ಸಾಲೂ ಇಲ್ಲ. ಆ ದುಡ್ಡನ್ನು ಮಾವ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾರೆ.

ನಾನು ಆಯಿಯ ಮನೆಗೆ ಹೋಗಿ ತಪ್ಪು ನನ್ನದು ಎಂದೆ. ಗೋಡೆಯ ಗೆರೆ ತೋರಿಸಿ ‘ಇದನ್ನ ಯಾರೂ ಬಂದ್ ಮಾಡಂಗಿಲ್ಲ ನೋಡು’ ಎಂದಳು, ಚಹಾ ಕೊಟ್ಟಳು. ಈಗ ಹಾಲು ಹಾಕಿದ ಮೇಲೆ ‘ಬರದೈತೇನ?’ ಎಂದು ಪರದೆಯತ್ತ ಬೆರಳು ಮಾಡಿ ಕೇಳುತ್ತಾಳಂತೆ. ಹುಡುಗ ಓದಿ ಹೇಳಿದ ಮೇಲೆಯೇ ಮನೆ ಕಡೆ ಹೆಜ್ಜೆ. ಮಾವ ಹಳೆಯ ನೋಟ್‌ಬುಕ್‌ ಅನ್ನೂ ಮತ್ತೆ ಮೇಜಿನ ಮೇಲೆ ತಂದಿಟ್ಟಿದ್ದಾರೆ.