ಊರಿಗೆ ಕಳುಹುವುದೋ, ಉಳಿಸಿಕೊಳ್ಳುವುದೋ

2021ನೆಯ ಇಸವಿಯ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ, ಕೋವಿಡ್ಡಿನ ಎರಡನೆಯ ಅಲೆ ಇಳಿದುಹೋಯಿತೆಂದು ಬೆಳಗಾವಿ ಧಾರವಾಡಗಳ ಜನರು ನೆಮ್ಮದಿಯ ಉಸಿರೆಳೆದು ನಿಂತುಹೋಗಿದ್ದ ಮದುವೆ ಮುಂಜಿವೆಗಳಿಗೆ ಮುಹೂರ್ತ ನೋಡಿಸುತ್ತಿದ್ದ ಹೊತ್ತಿನಲ್ಲಿ, ಧಾರವಾಡದ ಸತ್ತೂರಿನಲ್ಲಿರುವ ಎಸ್.ಡಿ.ಎಂ. ವೈದ್ಯಕೀಯ ಮಹಾವಿದ್ಯಾಲಯದಲ್ಲಿ 66 ಮಂದಿಗೆ ಸೋಂಕು ತಗುಲಿದೆಯೆಂಬ ವಾರ್ತೆ ಹೊರಬಿದ್ದಿತು. ಅದೇ ತಿಂಗಳ 17ರಂದು ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಒಂದು ಸಾಂಸ್ಕೃತಿಕ ಸಮಾರಂಭ ನಡೆದಿದ್ದಿತು. ಸೋಂಕು ಅಲ್ಲಿಂದಲೇ ಹಬ್ಬಿರಬೇಕೆಂದು ಅಧಿಕಾರಿಗಳು ಊಹಿಸಿದರು. ಎರಡೇ ದಿನಗಳಲ್ಲಿ ಆ ಸಂಖ್ಯೆ 281ಕ್ಕೆ ಏರಿ, ಕಟ್ಟಕಡೆಗೆ ಮುನ್ನೂರನ್ನು ದಾಟಿತು. ಇವರಲ್ಲಿ ಬಹುಮಂದಿ ಲಸಿಕೆಯ ಎರಡೂ ಡೋಸುಗಳನ್ನು ಪಡೆದವರು. ಮುಂದೆ ಪರರ ರೋಗಗಳನ್ನು ವಾಸಿಮಾಡಬೇಕಾದ ತರುಣ ತರುಣಿಯರು.

ಜಿಲ್ಲಾಡಳಿತವು ಆಗ ಎರಡು ವಸತಿಗೃಹಗಳಿಗೆ ಬೀಗಮುದ್ರೆ ಹಾಕಿತು, ತರಗತಿಗಳನ್ನು ನಿಲ್ಲಿಸಿತು, ಸುತ್ತಲಿನ ಶಾಲೆ ಕಾಲೇಜುಗಳಿಗೂ ರಜೆ ಕೊಡಿಸಿತು. ಆದರೆ ಅದು ಮಾಡದೆ ಬಿಟ್ಟ ಒಂದು ಕಾರ್ಯವೇ ನನ್ನ ಮಟ್ಟಿಗೆ ಈ ಪ್ರಸಂಗದ ಮರ್ಮವಾಗಿದೆ: ಅದು ಮಕ್ಕಳನ್ನು ಊರಿಗೆ ಕಳುಹಲಿಲ್ಲ. ಅವರು ಇದ್ದಲ್ಲಿಯೇ ಇರಲಿ, ಊಟ ಔಷಧಗಳು ಅಲ್ಲಿಗೇ ಹೋಗಲಿ, ಪರೀಕ್ಷೆ ಅಲ್ಲಿಯೇ ನಡೆಯಲಿ ಎಂಬುದು ತೀರ್ಮಾನವಾಯಿತು. ಕೇಳುವುದಕ್ಕೆ ಸರಳವಾದ ಈ ಮಾತಿನ ಹಿಂದೆ ನೂರಾರು ವರ್ಷಗಳ ರೂಢಿಯೊಂದನ್ನು ಮುರಿದ ಕಥೆಯಿದೆ.

ವ್ಯಾಧಿ ಬಂದಲ್ಲಿ ನೆಲೆಯನ್ನು ತೊರೆಯಬೇಕೆಂಬುದೇ ಆ ಹಳೆಯ ರೂಢಿ. 1665ರಲ್ಲಿ ಪ್ಲೇಗಿಗೆ ಬೆದರಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಬಾಗಿಲು ಮುಚ್ಚಿ ವಿದ್ಯಾರ್ಥಿಗಳನ್ನು ಚದುರಿಸಿದಾಗ ತರುಣನಾದ ನ್ಯೂಟನ್ ತನ್ನ ಹಳ್ಳಿಯ ಮನೆಗೆ ಹಿಂದಿರುಗಿದುದನ್ನು ನಾವೆಲ್ಲರೂ ಓದಿದ್ದೇವೆ. ನಮ್ಮ ಸೀಮೆಯಲ್ಲಿಯೂ, 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲುಹಾದಿಯ ಗುಂಟ ದಕ್ಷಿಣಕ್ಕೆ ಇಳಿದಾಗ, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕಿದರು. ಸಾಂಕ್ರಾಮಿಕ ರೋಗಗಳ ಕಾಯಿದೆ 1897ರಲ್ಲಿ ಹುಟ್ಟಿದುದು ಆ ಭೀತಿಯಿಂದಲೇ. ಮರುವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗು ಲಸಿಕೆಯನ್ನು ಸಹಸ್ರಾರು ಜನರಿಗೆ ಹಾಕಿದುದೂ ಅದೇ ಸಂಕಟದ ನಡುವೆ. ಪ್ಲೇಗು ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುವ ಬ್ಯಾಕ್ಟೀರಿಯಾದ ರೋಗವಾದುದರಿಂದ, ಇಲಿ ಬಿದ್ದ ಮನೆಯನ್ನು ಬಿಟ್ಟು ಬಯಲಿಗೆ ಹೋದವನು ಬದುಕಿಕೊಳ್ಳುವ ಸಂಭವ ಹೆಚ್ಚಿದ್ದಿತು. ಅಂದಿನವರ ನಡೆ ತಪ್ಪಾಗಿರಲಿಲ್ಲ. ಆದರೆ ಉಸಿರಿನಿಂದ ಉಸಿರಿಗೆ ದಾಟುವ ವೈರಾಣುವಿನ ವಿಷಯದಲ್ಲಿ ಅದೇ ನಡೆ ವಿಪರೀತ ಫಲವನ್ನು ಕೊಡುತ್ತದೆ. ಏಕೆಂದರೆ ಓಡಿಹೋಗುವವನು ರೋಗವನ್ನು ತನ್ನ ಸಂಗಡವೇ ಒಯ್ಯುತ್ತಾನೆ.

ಉತ್ತರ ಕರ್ನಾಟಕದ ವಿದ್ಯಾಭ್ಯಾಸವಾದರೋ ಬೆಳೆದುದೇ ವಸತಿಗೃಹಗಳ ಆಶ್ರಯದಲ್ಲಿ. 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು, 1932ರಲ್ಲಿ ನಾಗನೂರು ರುದ್ರಾಕ್ಷಿ ಮಠದ ಶಿವಬಸವ ಸ್ವಾಮಿಗಳು ಇದೇ ಊರಿನಲ್ಲಿ ಉಚಿತ ಪ್ರಸಾದ ನಿಲಯವನ್ನು ತೆರೆದರು, ಧಾರವಾಡದ ಮುರುಘಾ ಮಠದಲ್ಲಿಯೂ ಅಂಥದೇ ದಾಸೋಹ ನಡೆಯಿತು. ಹೊಲದ ದುಡಿಮೆಯ ಹೊರತು ಬೇರೆ ಆಸ್ತಿಯಿಲ್ಲದ ಮನೆತನಗಳ ಹುಡುಗರು ಒಂದು ಟ್ರಂಕು, ಒಂದು ಕಂಬಳಿ ಹೊತ್ತು ಬಂದು, ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಮುಂದೆ ನ್ಯಾಯವಾದಿಗಳೂ ಶಿಕ್ಷಕರೂ ಆದರು. ಈ ನಾಡು ಆ ನಿಲಯಗಳಿಗೆ ತೀರಿಸಲಾರದ ಋಣದಲ್ಲಿದೆ. ಆದರೆ ಒಂದೇ ಸೂರು, ಒಂದೇ ನೀರು, ಒಂದೇ ಪಂಕ್ತಿಯೆಂಬ ಯಾವ ಗುಣವು ಜಾತಿಗಳ ನಡುವಿನ ಗೋಡೆಯನ್ನು ಸಡಿಲಿಸಿತೋ ಅದೇ ಗುಣವು ಸೋಂಕಿಗೂ ದಾರಿಯಾಯಿತು. ಹುಡುಗನ ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದರೆ ತಂದೆಗೆ ಕಾಗದ ಬರೆದು, ಅವನನ್ನು ಹಾಸಿಗೆ ಸಮೇತ ಬಸ್ಸು ಹತ್ತಿಸುವುದೇ ಬಹುಕಾಲ ಉಳಿದುಬಂದ ಉಪಾಯ. ಅಮೆರಿಕೆಯ ಆಮ್‌ಹರ್ಸ್ಟ್ ಕಾಲೇಜು 1861ರಷ್ಟು ಹಿಂದೆಯೇ ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯರನ್ನು ವಿದ್ಯಾರ್ಥಿಗಳ ಆರೋಗ್ಯಕ್ಕೆಂದೇ ನಿಯಮಿಸಿಕೊಂಡಿದ್ದಿತಾದರೂ, ಭಿಕ್ಷೆಯ ಜೋಳದಿಂದ ನಡೆಯುತ್ತಿದ್ದ ನಿಲಯಗಳಿಂದ ಅಂಥ ಏರ್ಪಾಡನ್ನು ಅಪೇಕ್ಷಿಸುವುದು ನ್ಯಾಯವಾಗಲಾರದು.

ಬೆಳಗಾವಿಗೆ ಮಾತ್ರ ಈ ವಿಷಯದಲ್ಲಿ ಒಂದು ವಿಶೇಷವಾದ ಪರಂಪರೆಯಿದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಂದರೆ ಇಂದಿನವರಿಗೆ ಬೆಳಗಿನ ನಡಿಗೆಯ ಮರದ ನೆರಳು. ಆದರೆ 1904ರಲ್ಲಿ ಅದು ಹುಟ್ಟಿದುದು ಸಿಡುಬಿನ ಲಸಿಕೆಯನ್ನು ತಯಾರಿಸುವುದಕ್ಕಾಗಿ. ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆದ ಲಸಿಕೆಯ ದ್ರವವು ಇಲ್ಲಿಂದ ಮುಂಬಯಿ ಪ್ರಾಂತದ ಊರೂರಿಗೆ ಹೋಗುತ್ತಿದ್ದಿತು. ಈ ಊರಿನ ತಂಪಾದ ಹವೆ ಬೇಸಿಗೆಯಲ್ಲಿ ಬೇಗನೆ ಕೆಡುವ ಆ ದ್ರವಕ್ಕೆ ಅನುಕೂಲವಾಗಿದ್ದಿತು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಕಾಣಿಸಿಕೊಂಡು, 1980ರಲ್ಲಿ ಲೋಕವೇ ಆ ರೋಗದಿಂದ ಮುಕ್ತವಾಯಿತೆಂದು ಘೋಷಣೆಯಾದ ಮೇಲೆ ಅಂಥ ಲಸಿಕೆಯ ಅಗತ್ಯವೇ ಉಳಿಯಲಿಲ್ಲ. ಹಾಗಿದ್ದರೂ 2021ರ ಜನವರಿಯಲ್ಲಿ, ಸುತ್ತಲಿನ ಜಿಲ್ಲೆಗಳಿಗೆ ಹಂಚಬೇಕಾದ ಕೋವಿಡ್ ಲಸಿಕೆಯ ಪೆಟ್ಟಿಗೆಗಳು ಬಂದಿಳಿದುದು ಬೆಳಗಾವಿಯ ಪ್ರಾದೇಶಿಕ ಲಸಿಕಾ ಭಂಡಾರದಲ್ಲಿಯೇ. ಮೊದಲ ಸರದಿ ಆರೋಗ್ಯ ಕಾರ್ಯಕರ್ತರದು. ಆಸ್ಪತ್ರೆಯ ಕೆಲಸದಲ್ಲಿ ತೊಡಗಿದ ವೈದ್ಯಕೀಯ ವಿದ್ಯಾರ್ಥಿಗಳೂ ಅದರಲ್ಲಿ ಸೇರಿದ್ದರು.

ವಿದ್ಯಾರ್ಥಿನಿಲಯಕ್ಕೆ ಬರುವ ಎಲ್ಲ ವೈರಾಣುಗಳ ಸ್ವಭಾವವೂ ಒಂದೇ ಅಲ್ಲವೆಂಬುದನ್ನು ವಾರ್ಡನ್ನರು ಮೊದಲು ತಿಳಿದುಕೊಳ್ಳಬೇಕು. ಕಾಮಾಲೆಯನ್ನು ತರುವ ಹೆಪಟೈಟಿಸ್ ಎ ನೀರಿನ ಟಾಕಿಯಿಂದಲೂ ಅಡುಗೆಯವರ ಕೈಯಿಂದಲೂ ಬರುತ್ತದೆ. ಸೋಂಕು ತಗುಲಿ ರೋಗ ಹೊರಬೀಳುವುದಕ್ಕೆ ಸುಮಾರು ನಾಲ್ಕು ವಾರ ಹಿಡಿಯುವುದರಿಂದ, ಮೊದಲನೆಯವನ ಕಣ್ಣು ಹಳದಿಯಾದ ದಿನ ಟಾಕಿಯನ್ನು ತೊಳೆಸಿದರೂ ತಿಂಗಳವರೆಗೆ ಹೊಸ ರೋಗಿಗಳು ಏಳುತ್ತಲೇ ಇರುತ್ತಾರೆ. ಅಂಥಲ್ಲಿ ಹುಡುಗರನ್ನು ಕೋಣೆಯಲ್ಲಿ ಕೂಡಿಹಾಕುವುದಕ್ಕಿಂತ ಕುಡಿಯುವ ನೀರಿಗೆ ಕ್ಲೋರಿನ್ ಹಾಕಿಸುವುದೇ ಹೆಚ್ಚಿನ ಕೆಲಸ. ಡೆಂಗಿಯಲ್ಲಿ ದೋಷಿ ಪಕ್ಕದ ಹಾಸಿಗೆಯವನಾಗಿರದೆ ಹಿತ್ತಲಿನ ಡ್ರಮ್ಮಿನ ನಿಂತ ನೀರಾಗಿರುತ್ತದೆ. ಸೀತಾಳೆ ಸಿಡುಬಿನಲ್ಲಿ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳಿಕೆ ಕಟ್ಟುವವರೆಗೆ, ಮಂಗನಬಾವಿನಲ್ಲಿ ಕೆನ್ನೆ ಊದಿದ ಮೇಲೆ ಐದು ದಿನ, ದಡಾರದಲ್ಲಿ ಮೈಮೇಲೆ ದದ್ದು ಎದ್ದ ಮೇಲೆ ನಾಲ್ಕು ದಿನ ರೋಗಿಯನ್ನು ಬೇರೆ ಇರಿಸಬೇಕಾಗುತ್ತದೆ. ಇಂಫ್ಲುಯೆಂಜಾ ಮತ್ತು ಕೋವಿಡ್ಡುಗಳಾದರೋ ಲಕ್ಷಣಗಳು ತೋರುವ ಮುನ್ನವೇ ಹರಡತೊಡಗುವುದರಿಂದ ಅವುಗಳನ್ನು ಬರಿಗಣ್ಣಿನಿಂದ ಹಿಡಿಯುವುದು ಅಸಾಧ್ಯ.

2020ರ ಮಾರ್ಚಿನಲ್ಲಿ ಈ ವಿವೇಚನೆಗೆಲ್ಲ ಅವಕಾಶವೇ ಇರಲಿಲ್ಲ. ಭಾರತದ ಮೊದಲ ಕೋವಿಡ್ ಮರಣ ನಮ್ಮದೇ ಕಲಬುರಗಿಯಲ್ಲಿ ಸಂಭವಿಸಿತು, ಕೆಲವೇ ದಿನಗಳಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳು ಮುಚ್ಚಿದವು, ವಸತಿಗೃಹಗಳು ಬರಿದಾದವು. ಅಂದು ರೋಗ ಇನ್ನೂ ವಿರಳವಾಗಿದ್ದುದರಿಂದ ಹಾನಿ ಅಷ್ಟಾಗಿ ಕಾಣಲಿಲ್ಲ. ಆದರೆ ಖಾನಾಪುರದ ಕಾಡಿನ ಸೆರಗಿನ ಊರುಗಳನ್ನು ನೆನೆಯಿರಿ. ಮಳೆಗಾಲದಲ್ಲಿ ಹಳ್ಳ ತುಂಬಿ ಬಂದರೆ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕಾದ, ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವದಂಥ ಹಳ್ಳಿಗೆ, ಅಜ್ಜ ಅಜ್ಜಿಯರೊಡನೆ ಒಂದೇ ಒಲೆಯ ಮುಂದೆ ಕುಳಿತುಣ್ಣುವ ಮನೆಗೆ, ಸೋಂಕಿರಬಹುದಾದ ಮೊಮ್ಮಗನನ್ನು ಕಳುಹುವುದು ಎಂಥ ಅವಿವೇಕ! ಬೆಳಗಾವಿಯಲ್ಲಿದ್ದಾಗ ಅವನಿಗೆ ನಾಲ್ಕು ಹೆಜ್ಜೆಯಲ್ಲಿ ಆಸ್ಪತ್ರೆಯಿದ್ದಿತು. ಆ ಹಳ್ಳಿಯಲ್ಲಿ ಫೋನಿಗೆ ನೆಟ್‌ವರ್ಕು ಸಿಗದೆ ಪಾಠವೂ ಇಲ್ಲ, ವೈದ್ಯನೂ ಇಲ್ಲ.

ಆ ವರ್ಷ ಲೋಕದ ಬೇರೆ ಬೇರೆ ವಿಶ್ವವಿದ್ಯಾಲಯಗಳು ಕಲಿತ ಪಾಠವೂ ಇದೇ ದಿಕ್ಕಿನದು. ಅಮೆರಿಕೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯವು ಚಾಪೆಲ್ ಹಿಲ್‌ನಲ್ಲಿ ಆಗಸ್ಟ್ 10ಕ್ಕೆ ತರಗತಿ ತೆರೆದು, ವಸತಿಗೃಹಗಳಲ್ಲಿ ಗುಂಪುಗುಂಪಾಗಿ ಸೋಂಕು ಎದ್ದುದರಿಂದ 17ಕ್ಕೇ ಪಾಠಗಳನ್ನು ಅಂತರ್ಜಾಲಕ್ಕೆ ಬದಲಿಸುವುದಾಗಿ ಘೋಷಿಸಬೇಕಾಯಿತು. ಅದೇ ಶರತ್ಕಾಲದಲ್ಲಿ ಕೇಂಬ್ರಿಜ್, ಸ್ನಾನಗೃಹ ಅಡುಗೆಮನೆಗಳನ್ನು ಹಂಚಿಕೊಂಡ ವಿದ್ಯಾರ್ಥಿಗಳನ್ನು ಒಂದು ಕುಟುಂಬವೆಂದು ಎಣಿಸಿ, ಅವರೆಲ್ಲರ ಗಂಟಲದ್ರವದ ಕಡ್ಡಿಗಳನ್ನು ಒಂದೇ ನಳಿಕೆಯಲ್ಲಿ ಇಟ್ಟು ವಾರವಾರವೂ ಪರೀಕ್ಷಿಸುವ ಕ್ರಮವನ್ನು ರೂಢಿಸಿತು: ನಳಿಕೆ ನಿರ್ದೋಷಿಯಾದರೆ ಕುಟುಂಬವೆಲ್ಲ ನಿರ್ದೋಷಿ, ಸೋಂಕು ಕಂಡರೆ ಮಾತ್ರ ಒಬ್ಬೊಬ್ಬರ ಪರೀಕ್ಷೆ. 1665ರಲ್ಲಿ ಚದುರಿಸಿದ ಸಂಸ್ಥೆಯೇ 2020ರ ಶರತ್ಕಾಲದಲ್ಲಿ ಉಳಿಸಿಕೊಂಡಿತು. ನಮ್ಮ ದೇಶದಲ್ಲಿ, ಆ ಡಿಸೆಂಬರಿನಲ್ಲಿ ಮದರಾಸಿನ ಐ.ಐ.ಟಿ.ಯ ವಸತಿಗೃಹಗಳಲ್ಲಿ ನೂರಕ್ಕೂ ಮಿಕ್ಕಿ ಜನರಿಗೆ ಸೋಂಕು ಹರಡಿದಾಗ, ತೆರೆದಿದ್ದ ಒಂದೇ ಭೋಜನಶಾಲೆಯಲ್ಲಿ ಎಲ್ಲರೂ ಸೇರುತ್ತಿದ್ದುದರ ಕಡೆಗೆ ಬೆರಳು ಹೋಯಿತು. ಆ ಮೇಲೆ ಊಟವನ್ನು ಪೊಟ್ಟಣ ಕಟ್ಟಿ ಕೋಣೆಗಳಿಗೆ ಒಯ್ದು ಕೊಡಲಾಯಿತು.

ಸತ್ತೂರಿನ ಪ್ರಸಂಗ ಇವೆಲ್ಲವುಗಳ ಬಳಿಕ ಬಂದುದು. ಅದರ ಕಾಲವೂ ವಿಷಮವಾಗಿದ್ದಿತು: ವಿಶ್ವ ಆರೋಗ್ಯ ಸಂಸ್ಥೆಯು ಓಮಿಕ್ರಾನ್ ಎಂಬ ಹೊಸ ರೂಪಕ್ಕೆ ಹೆಸರಿಟ್ಟುದು ನವೆಂಬರ್ 26ಕ್ಕೆ, ಅಂದರೆ ಧಾರವಾಡದ ಸಂಖ್ಯೆ ಏರುತ್ತಿದ್ದ ದಿನಗಳಲ್ಲಿಯೇ. ಲಸಿಕೆ ಹಾಕಿಸಿಕೊಂಡವರಿಗೂ ಹೀಗಾಯಿತೆಂದರೆ ಇದು ಆ ಹೊಸ ಮಾರಿಯೇ ಇರಬೇಕೆಂಬ ಶಂಕೆ ಎಲ್ಲೆಡೆ ಹಬ್ಬಿತು. ಮಾದರಿಗಳನ್ನು ವಂಶವಾಹಿ ಪರೀಕ್ಷೆಗೆ ಕಳುಹಿಸಿ ನೋಡಿದಾಗ ಕಂಡುದು ಹಳೆಯ ಡೆಲ್ಟಾ. ಭಾರತದ ಮೊದಲ ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಹೊರಬಿದ್ದುದು ಡಿಸೆಂಬರ್ 2ರಂದು. ಲಸಿಕೆ ವ್ಯರ್ಥವಾಯಿತೆಂದವರು ಒಂದು ಸಂಗತಿಯನ್ನು ಮರೆತರು. ಸೋಂಕಿತರಲ್ಲಿ ಹೆಚ್ಚಿನವರಿಗೆ ಲಕ್ಷಣಗಳೇ ಇರಲಿಲ್ಲ, ಇದ್ದವರಿಗೂ ಅಲ್ಪವಾಗಿದ್ದವು. ಲಸಿಕೆಯು ಸೋಂಕನ್ನು ಬಾಗಿಲಲ್ಲಿಯೇ ತಡೆಯಲಾರದೆ ಹೋದರೂ ಪ್ರಾಣವನ್ನು ಕಾಯಿತು. ಎರಡನೆಯ ಅಲೆಯ ಬೇಸಿಗೆಯಲ್ಲಿ ಬೆಳಗಾವಿಯ ನಮ್ಮ ಸದಾಶಿವನಗರದ ರುದ್ರಭೂಮಿಯ ಹಾದಿಯನ್ನು ಕಂಡವರಿಗೆ ಈ ವ್ಯತ್ಯಾಸದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಸರಕಾರವು ಆ ಬಳಿಕ ಶಿಕ್ಷಣ ಸಂಸ್ಥೆಗಳ ಸಮಾರಂಭಗಳನ್ನು ಮುಂದೂಡಿಸಿತು. ಕೇರಳದಿಂದ ಬಂದ ವಿದ್ಯಾರ್ಥಿಗಳಿಗೆ ಏಳನೆಯ ದಿನ ಮರುಪರೀಕ್ಷೆಯನ್ನು ವಿಧಿಸಿತು. ವಸತಿಗೃಹವೊಂದರಲ್ಲಿ ಮೂರು ಪ್ರಕರಣಗಳು ಕಂಡರೂ ಅದನ್ನು ಸೋಂಕಿನ ಗುಚ್ಛವೆಂದು ಪರಿಗಣಿಸುವಂತೆ ಮಾಡಿತು. ಮೊದಲು ಆ ಮಿತಿ ಹತ್ತು ಇದ್ದಿತು. ಹತ್ತರಿಂದ ಮೂರಕ್ಕೆ ಇಳಿದ ಈ ಅಂಕೆ ನನಗೆ ಉಳಿದೆಲ್ಲ ಆಜ್ಞೆಗಳಿಗಿಂತ ಹಿರಿದಾಗಿ ತೋರುತ್ತದೆ. ಮೂವರು ಕೆಮ್ಮಿದಾಗಲೇ ಎಚ್ಚತ್ತ ನಿಲಯವು ಮುನ್ನೂರು ಜನರಿಗೆ ಬೀಗ ಹಾಕುವ ಸ್ಥಿತಿಗೆ ಬರಲಾರದು.

ಆದರೆ ಬೀಗದೊಳಗೆ ಉಳಿಸಿಕೊಂಡವರು ಉಪಚರಿಸುವ ಹೊಣೆಯನ್ನೂ ಹೊರಬೇಕು. ಬಿಸಿಯಾದ ಊಟ, ಕುದಿಸಿದ ನೀರು, ಬಾಗಿಲ ಹೊರಗಿನಿಂದಲಾದರೂ ದಿನಕ್ಕೆರಡು ಸಲ ವಿಚಾರಿಸುವ ಒಂದು ದನಿ, ತಂದೆತಾಯಿಗಳ ಫೋನಿಗೆ ಸತ್ಯವಾದ ಉತ್ತರ, ತಪ್ಪಿದ ಹಾಜರಿಗೂ ಪರೀಕ್ಷೆಗೂ ವಿನಾಯಿತಿ ಇವು ಇಲ್ಲದಿದ್ದರೆ ವಿದ್ಯಾರ್ಥಿ ಜ್ವರವನ್ನು ಮರೆಮಾಚುತ್ತಾನೆ. ಮರೆಮಾಚಿದ ಜ್ವರಕ್ಕೆ ಯಾವ ಪ್ರಯೋಗಶಾಲೆಯಲ್ಲಿಯೂ ಪರೀಕ್ಷೆಯಿಲ್ಲ. ಹಾಜರಿ ಕಡಿಮೆಯಾದೀತೆಂಬ ಭಯವು ಎಷ್ಟು ಹುಡುಗಿಯರನ್ನು ಜ್ವರದ ಮಾತ್ರೆ ನುಂಗಿಸಿ ತರಗತಿಗೆ ಕಳುಹುತ್ತದೆಯೆಂಬುದನ್ನು ಪಾಠ ಹೇಳುವವರೆಲ್ಲರೂ ಬಲ್ಲರು.

ಇನ್ನು ನಮ್ಮ ಬಡಾವಣೆಯ ವಿಷಯ. ಜಿಲ್ಲಾ ಆಸ್ಪತ್ರೆಯ ಆವರಣದ ಬಿಮ್ಸ್ ವೈದ್ಯಕೀಯ ಮಹಾವಿದ್ಯಾಲಯ, ನೆಹರೂನಗರದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಎರಡೂ ಸದಾಶಿವನಗರಕ್ಕೆ ದೂರವಲ್ಲ. 2020ರಲ್ಲಿ ಗಂಟಲದ್ರವದ ಪರೀಕ್ಷೆ ನಡೆಸಿದ ಐ.ಸಿ.ಎಂ.ಆರ್.ನ ಸಂಸ್ಥೆಯೂ ನೆಹರೂನಗರದಲ್ಲಿಯೇ ಇದೆ. ಕಾಲೇಜುಗಳ ಸ್ವಂತ ನಿಲಯಗಳಲ್ಲಿ ವಾರ್ಡನ್ ಇದ್ದಾರೆ, ಕೇಳುವವರಿದ್ದಾರೆ. ಆದರೆ ಮನೆಯ ಮಹಡಿಗಳನ್ನು ಪಿ.ಜಿ.ಗಳಾಗಿ ಮಾಡಿ, ಕೋಣೆಗೆ ಮೂರು ಮಂಚ ಹಾಕಿ ಬಾಡಿಗೆ ಎತ್ತುವಲ್ಲಿ ಇರುವ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಲೆಕ್ಕಕ್ಕೂ ಬರುವುದಿಲ್ಲ, ಪಾಲಿಕೆಯ ಕಣ್ಣಿಗೂ ಬೀಳುವುದಿಲ್ಲ. ಅವರಲ್ಲೊಬ್ಬನಿಗೆ ಜ್ವರ ಬಂದರೆ ಮನೆಯ ಯಜಮಾನನು ಇಂದಿಗೂ ಹೇಳುವುದು ಊರಿಗೆ ಹೋಗೆಂದೇ. ಪ್ರವೇಶದ ವೇಳೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ವಾಸದ ವಿಳಾಸವನ್ನು ಕಾಲೇಜು ಬರೆದುಕೊಂಡು, ತನ್ನ ನಿಲಯದಲ್ಲಿ ಸ್ವಂತ ಶೌಚಗೃಹವುಳ್ಳ ನಾಲ್ಕೈದು ಕೋಣೆಗಳನ್ನು ಅಂಥವರಿಗಾಗಿಯೂ ವರ್ಷವಿಡೀ ಖಾಲಿ ಇರಿಸಬೇಕು; ಅದರ ವೆಚ್ಚವನ್ನು ಶುಲ್ಕದಿಂದಲೇ ಭರಿಸಬಹುದು; ಮುಂದಿನ ಜೂನಿಗೆ ಮುನ್ನ ಬೆಳಗಾವಿಯ ಮಹಾವಿದ್ಯಾಲಯಗಳ ಪ್ರಾಚಾರ್ಯರು ಒಂದೆಡೆ ಕುಳಿತು ಇದನ್ನು ನಿಶ್ಚಯಿಸಬೇಕು.