ಐದು ವರ್ಷಗಳ ನಂತರ ನೀವೆಲ್ಲಿ?

ಕಳೆದ ವಾರ ನೆರೆಮನೆಯ ಹುಡುಗನೊಬ್ಬ ನನ್ನ ಬಳಿ ಬಂದಿದ್ದ. ಎಂಜಿನಿಯರಿಂಗ್‌ನ ಕೊನೆಯ ವರ್ಷ. ಮೊದಲ ಉದ್ಯೋಗ ಸಂದರ್ಶನಕ್ಕೆ ಇನ್ನು ಎರಡೇ ದಿನ. ತರಬೇತಿ ಕೇಂದ್ರದವರು ಕೊಟ್ಟ ಹಾಳೆಯೊಂದು ಅವನ ಕೈಯಲ್ಲಿತ್ತು. ಅದರಲ್ಲಿ ಪ್ರಶ್ನೆಗಳೂ ಇದ್ದವು, ಉತ್ತರಗಳೂ ಇದ್ದವು. ‘ಐದು ವರ್ಷಗಳ ನಂತರ ನೀವು ಎಲ್ಲಿರುತ್ತೀರಿ?’ ಎಂಬ ಪ್ರಶ್ನೆಯ ಕೆಳಗೆ ನಾಲ್ಕು ಸಾಲಿನ ಇಂಗ್ಲಿಷ್ ಉತ್ತರ. ಅದನ್ನು ಮಗ್ಗಿಯಂತೆ ಒಪ್ಪಿಸಿದ. ‘ಇದು ನಿನ್ನ ಮನಸ್ಸಿನಲ್ಲಿರುವುದೇನಪ್ಪಾ?’ ಎಂದು ಕೇಳಿದೆ. ‘ಅಲ್ಲ ಅಂಕಲ್. ಆದರೆ ಅವರಿಗೆ ಬೇಕಾಗಿರೋದು ಇದೇ ಅಂತೆ’ ಎಂದ.

ಅವನನ್ನು ತಿದ್ದುವ ಹಕ್ಕು ನನಗಿದೆಯೇ ಎಂಬ ಅನುಮಾನ ಕಾಡಿತು. ಏಕೆಂದರೆ ಅದೇ ಪ್ರಶ್ನೆಯನ್ನು ಮೇಜಿನ ಆ ಬದಿಯಲ್ಲಿ ಕುಳಿತು ಹಲವು ವರ್ಷ ಕೇಳಿದವರಲ್ಲಿ ನಾನೂ ಒಬ್ಬ.

2007ರ ಮಾತು. ಬೆಂಗಳೂರಿನ ಸಂಸ್ಥೆಯೊಂದರ ಆಯ್ಕೆ ಸಮಿತಿಯಲ್ಲಿ ನಾವು ಮೂವರಿದ್ದೆವು. ಅರಸೀಕೆರೆ ಕಡೆಯ ಹೆಣ್ಣುಮಗಳೊಬ್ಬಳು ತಾಂತ್ರಿಕ ಪ್ರಶ್ನೆಗಳಿಗೆಲ್ಲ ಸಮರ್ಪಕವಾಗಿ ಉತ್ತರಿಸಿದ್ದಳು. ಕೊನೆಗೆ ಈ ಪ್ರಶ್ನೆ ಬಂತು. ಆಕೆ ಕ್ಷಣ ಯೋಚಿಸಿ, ‘ಅಷ್ಟರಲ್ಲಿ ತಮ್ಮನ ಓದು ಮುಗಿದಿರುತ್ತೆ ಸರ್, ಅಪ್ಪನ ಸಾಲ ತೀರಿರುತ್ತೆ. ಆಮೇಲೆ ನನಗೇನು ಬೇಕು ಅಂತ ಯೋಚನೆ ಮಾಡ್ತೀನಿ’ ಎಂದಳು. ನಾವು ಪರಸ್ಪರ ಮುಖ ನೋಡಿಕೊಂಡೆವು. ‘ಗುರಿಯಲ್ಲಿ ಸ್ಪಷ್ಟತೆ ಇಲ್ಲ’ ಎಂದು ಷರಾ ಬರೆದವನು ನಾನೇ. ಆಕೆಗೆ ಕೆಲಸ ಸಿಗಲಿಲ್ಲ. ಐದು ವರ್ಷಗಳ ಲೆಕ್ಕವನ್ನು ಅಷ್ಟು ಸ್ಪಷ್ಟವಾಗಿ ಇಟ್ಟುಕೊಂಡಿದ್ದ ಮತ್ತೊಬ್ಬ ಅಭ್ಯರ್ಥಿಯನ್ನು ನಾನು ಆಮೇಲೆ ಕಾಣಲಿಲ್ಲ.

ಇನ್ನು ನಮ್ಮ ಸ್ಪಷ್ಟತೆಯ ವಿಷಯ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಅದರ ಬಿಸಿ ಬೆಂಗಳೂರಿಗೂ ತಟ್ಟಿತು. 2012ರ ಹೊತ್ತಿಗೆ ಆ ಸಮಿತಿಯ ಮೂವರಲ್ಲಿ ಒಬ್ಬರೂ ಆ ಸಂಸ್ಥೆಯಲ್ಲಿ ಉಳಿದಿರಲಿಲ್ಲ!

ನನ್ನ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಅವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ವರ್ಷಕ್ಕೊಂದು ಇನ್‌ಕ್ರಿಮೆಂಟು, ಜ್ಯೇಷ್ಠತೆಯ ಪ್ರಕಾರ ಬಡ್ತಿ, 58ಕ್ಕೆ ನಿವೃತ್ತಿ, ನಂತರ ಪಿಂಚಣಿ. ಅವರ ಭವಿಷ್ಯವೆಲ್ಲ ಸೇವಾ ಪುಸ್ತಕದಲ್ಲಿ ಅಡಗಿತ್ತು. ಉತ್ತರ ಎಲ್ಲರಿಗೂ ತಿಳಿದಿದ್ದ ಕಾಲದಲ್ಲಿ ಪ್ರಶ್ನೆ ಇರಲಿಲ್ಲ. ಉತ್ತರ ಯಾರಿಗೂ ತಿಳಿಯದ ಕಾಲದಲ್ಲಿ ಪ್ರಶ್ನೆ ಕಡ್ಡಾಯವಾಗಿದೆ. ಇದೆಂಥ ವಿಪರ್ಯಾಸ!

ದೇಶವೇ 1951ರಿಂದ ಐದೈದು ವರ್ಷಗಳ ಯೋಜನೆ ಹಾಕಿಕೊಂಡು ನಡೆದು ಬಂತು. ಯುದ್ಧ, ಬರಗಾಲಗಳ ಪೆಟ್ಟಿಗೆ 1966ರಿಂದ ಮೂರು ವರ್ಷ ಅದನ್ನೂ ಬದಿಗಿಟ್ಟು ವಾರ್ಷಿಕ ಯೋಜನೆಗಳಿಗೆ ಮೊರೆಹೋಗಬೇಕಾಯಿತು. 2015ರಲ್ಲಿ ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು. 2017ರಲ್ಲಿ ಮುಗಿದ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯೇ ಕೊನೆಯದು. ತಜ್ಞರ ಪಡೆಯನ್ನೇ ಇಟ್ಟುಕೊಂಡ ಸರ್ಕಾರ ಕೈಬಿಟ್ಟ ಕೆಲಸವನ್ನು ಇಪ್ಪತ್ತೆರಡರ ಹುಡುಗ ಎರಡು ನಿಮಿಷದಲ್ಲಿ ಮಾಡಿ ತೋರಿಸಬೇಕು!

2019ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಎಷ್ಟು ಮಂದಿ ಮರುವರ್ಷದ ಲಾಕ್‌ಡೌನ್ ಊಹಿಸಿದ್ದರು? 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿ, ಪ್ರೋಗ್ರಾಂ ಬರೆಯುವವರ ವೃತ್ತಿಯನ್ನೇ ಚರ್ಚೆಯ ವಸ್ತುವಾಗಿಸೀತೆಂದು ಯಾರು ಎಣಿಸಿದ್ದರು? ಹಿಂದೆ ಗ್ರಾಚ್ಯುಯಿಟಿಗೆ ಐದು ವರ್ಷಗಳ ನಿರಂತರ ಸೇವೆ ಬೇಕಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷ ಸಾಕು ಎಂದಿದೆ. ಉದ್ಯೋಗದ ಆಯುಸ್ಸು ಕಿರಿದಾಗುತ್ತಿರುವುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಹಾಗೆಂದು ಪ್ರಶ್ನೆಯೇ ತಪ್ಪೆಂದು ನಾನು ಹೇಳಲಾರೆ. ಹೊಸಬರನ್ನು ಸೇರಿಸಿಕೊಂಡು ತರಬೇತಿ ಕೊಡಲು ಹಣ, ಸಮಯ ವ್ಯಯವಾಗುತ್ತವೆ. ಈತ ನಿಲ್ಲುತ್ತಾನೆಯೇ, ಈ ಕೆಲಸದಲ್ಲಿ ಅವನಿಗೆ ನಿಜವಾದ ಆಸಕ್ತಿ ಇದೆಯೇ ಎಂದು ತಿಳಿಯಬಯಸುವುದು ನ್ಯಾಯವೇ. ಆದರೆ ಆ ಪ್ರಶ್ನೆಯನ್ನು ನೇರವಾಗಿ ಕೇಳಬಹುದಲ್ಲ? ಸುತ್ತು ಬಳಸಿ ಕೇಳಿದಾಗ ಚೆಂದವಾಗಿ ಸುಳ್ಳು ಹೇಳಿದವನಿಗೆ ಅಂಕ ಸಿಗುತ್ತದೆ, ಇದ್ದದ್ದನ್ನು ಇದ್ದಂತೆ ಹೇಳಿದವಳಿಗೆ ಷರಾ ಸಿಗುತ್ತದೆ. ಹೆಣ್ಣುಮಕ್ಕಳ ಪಾಲಿಗಂತೂ ಇದರ ಬೆನ್ನಿಗೇ ಮದುವೆ, ಮಗುವಿನ ಪ್ರಶ್ನೆಗಳು ಬಾಯಿಬಿಡದೆ ನಿಂತಿರುತ್ತವೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಉತ್ತರಿಸಬೇಕಾದ ಹಳ್ಳಿಯ ಮಕ್ಕಳಿಗೆ ಸತ್ಯಕ್ಕಿಂತ ಕಂಠಪಾಠವೇ ಸುರಕ್ಷಿತ ಎನಿಸಿದರೆ ಆಶ್ಚರ್ಯವೇನು?

ನೆರೆಮನೆಯ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಯಾವ ಹುದ್ದೆಯಲ್ಲಿರುತ್ತೀಯ ಎಂದು ಹೇಳಹೋಗಬೇಡ, ಅದು ನಿನ್ನ ಕೈಯಲ್ಲಿಲ್ಲ. ಯಾವ ಕೆಲಸವನ್ನು ಚೆನ್ನಾಗಿ ಕಲಿಯಬೇಕೆಂದಿದ್ದೀಯ, ಅದಕ್ಕಾಗಿ ಈಗಾಗಲೇ ಏನು ಮಾಡಿದ್ದೀಯ ಎಂಬುದನ್ನು ಹೇಳು. ಮನೆಯ ಜವಾಬ್ದಾರಿಯಿದ್ದರೆ ಅದನ್ನು ಹೇಳಿಕೊಳ್ಳಲು ನಾಚಬೇಡ. ಕೊನೆಗೆ, ‘ನನ್ನಂತೆ ಸೇರಿದವರು ಐದು ವರ್ಷಗಳಲ್ಲಿ ಇಲ್ಲಿ ಏನೇನು ಕಲಿತಿದ್ದಾರೆ?’ ಎಂದು ವಿನಯದಿಂದಲೇ ಅವರನ್ನು ಕೇಳು. ಅವರ ಉತ್ತರವೂ ನಿನಗೆ ಗೊತ್ತಿರಬೇಕು.

ಅವನು ಹಾಳೆಯ ನಾಲ್ಕು ಸಾಲಿಗೂ ಅಡ್ಡಗೆರೆ ಎಳೆದು ಬರೆಯತೊಡಗಿದ: ‘ಮೊದಲ ಎರಡು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಸರಿಯಾಗಿ ಕಲಿಯಬೇಕು. ಆಮೇಲೆ...’ ಅಲ್ಲಿಗೆ ಪೆನ್ನು ನಿಂತಿತು. ‘ಆಮೇಲಿನದು ಇನ್ನೂ ಗೊತ್ತಿಲ್ಲ ಅಂದ್ರೆ ನಡೆಯುತ್ತಾ ಅಂಕಲ್?’ ಎಂದು ಕೇಳಿದ.

ನಡೆಯಬೇಕು ಎಂದೆ. ಆ ಮಾತನ್ನು ನಾನು 2007ರಲ್ಲೇ ಹೇಳಬೇಕಿತ್ತು. ಈಗ ಆ ಕುರ್ಚಿಗಳಲ್ಲಿ ಕುಳಿತಿರುವವರಾದರೂ ಹೇಳಿಯಾರೇ?